ಪೇಶಂಟು ಕಮಲಾಬೆನ್

ಮತ್ತೆ ಆ ಕ್ಯಾಲೆಂಡರಿನ ಮುಂದೆಯೇ ಹೋಗಿ ನಿಂತರಲ್ಲ, ಗುಜರಾತಿಯ ಒಂದಕ್ಷರ ಓದಲು ಬಾರದ ಮನುಷ್ಯ ಅದೇನು ಓದುತ್ತಾರೋ, ತಿಥಿಯೋ ನಕ್ಷತ್ರವೋ, ಕೈ ಹಿಂದೆ ಕಟ್ಟಿಕೊಂಡು, ಕತ್ತು ಚಾಚಿಕೊಂಡು, ಪಕ್ಕದಲ್ಲಿ ಖಾಲಿ ಕುರ್ಚಿ ಇದೆ, ಬಂದು ಕೂಡಬಾರದೇ, ಊಹೂಂ, ನೀ ಕೂಡು, ಪೇಶಂಟು ನೀನಽ, ಅಂತ ಆಗಲೇ ಕಿವಿಯಲ್ಲಿ ಉಸುರಿ ಹೋಗಿದ್ದಾರೆ — ಪೇಶಂಟು ತಾನಂತೆ! ಕಮಲಾಕ್ಷಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು, ಎರಡು ಹೆತ್ತು, ಊರೂರು ವರ್ಗವಾದಾಗೆಲ್ಲ ಪಾತ್ರೆಪಗಡ ಕಟ್ಟಿ ಬಿಚ್ಚಿ, ಒಂದು ದಿನ ಹೊಟ್ಟೆ ಕೆಟ್ಟಿತೆಂದು ಮಲಗದವಳು, ಜೋಳದ ರೊಟ್ಟಿ ಹಸಿಮೆಣಸಿನಕಾಯಿ ಚಟ್ನಿ ತಿಂದು ಕಲ್ಲು ಕರಗಿಸುವವಳು, ಅವಳು ಈ ಮಂಜಲ್‌ಪುರದ ದವಾಖಾನೆಯಲ್ಲಿ ಮೂಲವ್ಯಾಧಿಯ ಪೇಶಂಟು, ಆ ಕಂಪೌಂಡರನಾದರೂ ಮೆಲ್ಲಗೆ ಹೇಳಬಾರದೇ, ಕಮಲಾಬೆನ್, ಹರಸ್‌ವಾಳಾ ಬೆನ್, ಬೆಸೊ ಬೆಸೊ, ಎಂದು ರೋಗದ ಹೆಸರು ಹಿಡಿದೇ ಇಡೀ ಹಾಲಿಗೆ ಕೇಳುವಂತೆ ಕೂಗಿದ, ಕೂತವರೆಲ್ಲ ತಿರುಗಿ ಇವಳನ್ನು ನೋಡಿದರು, ಕಟ್ಟಿಕೊಂಡ ಗಂಡ, ಇವರೂ ತಿರುಗಿ ನೋಡಿದರು, ಅದೂ ಹೇಗೆ, ಪಾಪ, ಯಾರಿಗೋ ಏನೋ ಆಗಿದೆ ಅನ್ನುವ ಹಾಗೆ! ಭಲೆ ಗಂಡಸು.

ಶುರುವಾದದ್ದು ಮಡಿಯಿಂದ. ಪೂಜೆಯ ಪಂಚೆಯನ್ನು ಅವರೇ ಹಿಂಡಿ ಅವರೇ ಒಣಹಾಕುವುದು ಮದುವೆಯಾದಾಗಿನಿಂದ ಇದ್ದದ್ದೇ, ಅದನ್ನು ಯಾರೂ ಮುಟ್ಟುವಂತಿಲ್ಲ, ಸರಿ, ಆದರೆ ಶ್ರಾವಣದಲ್ಲಿ ಇದ್ದಕ್ಕಿದ್ದಂತೆ ಅಂಡರ್‌ವೇರಿಗೂ ಮಡಿ ಬಂತು, ಆಫೀಸಿನ ಪ್ಯಾಂಟಿಗೂ ಮಡಿ ಬಂತು, ಮುಟ್ಟಬ್ಯಾಡ, ನಾನಽ ಒಗೀತೀನಿ, ಮಡಿ ಅದ, ಅನ್ನುವುದು, ಬಚ್ಚಲಿನ ಚಿಲಕ ಹಾಕಿಕೊಂಡು ನೀರು ಬಿಟ್ಟುಕೊಂಡು ಒಳಗೇ ಇರುವುದು, ಹೊರಗೆ ಅದಿತಿ, ಪಪ್ಪಾ, ಕಾಲೇಜ್ ಲೇಟ್ ಆಗ್ತದೆ, ಎಂದು ಬಾಗಿಲು ಬಡಿಯುವುದು, ಮತ್ತೆ ಇವಳು, ಎಂಥ ಪೆದ್ದಿ, ಧಾರವಾಡದ ಅಕ್ಕನಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ಇವರು ಭಾಳ ದೈವಭಕ್ತರಾಗ್ಯಾರವ್ವಾ, ವಯಸ್ಸು ನೋಡು, ಎಂದು ಹೊಗಳಿಕೊಂಡಳು! ಆಮೇಲೊಂದು ಬೆಳಿಗ್ಗೆ ಅವಸರದಲ್ಲಿ ಬಕೆಟ್ಟು ಹಾಗೇ ಬಿಟ್ಟು ರೈಲುಗಾಡಿಗೆ ಓಡಿದರು, ನೀರು ಕೆಂಪಗಿತ್ತು, ಸಂಜೆ ಕೇಳಿದರೆ, ಕುಂಕುಮ ಬಿದ್ದಿತ್ತು, ಎಂದರು. ಬಚ್ಚಲಿಗೆ ಕುಂಕುಮ ಯಾಕೆ ಹೋಯಿತು? ಕೇಳಿದ್ದಕ್ಕೆ ಊಟ ಬಿಟ್ಟು ಎದ್ದರು, ನಿಂತೇ ಉಣ್ಣುತ್ತಿದ್ದರು ಅನ್ನಿ, ಎದ್ದದ್ದೇನು ಬಂತು, ತಾಟು ಇಟ್ಟು ಹೋದರು. ಹೋದವರು ಸ್ವಲ್ಪ ಹೊತ್ತಿಗೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು, ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ, ಡಾಕ್ಟರ ಕಡೆ ಹೋಗಿದ್ದೆ, ಔಷಧ ತಂದೀನಿ, ಏನಿಲ್ಲ, ನಿನ್ನ ಹೆಸರು ಹೇಳೇನಿ. ನನ್ನ ಹೆಸರ್ಯಾಕ್ರೀ? ಅಲ್ಲಽ, ನನಗ ಅಂದ್ರ ತೋರಿಸು ಅಂತಾರ, ಹೆಂಡತಿಗೆ ಅಂದ್ರ ನಾಚಿಗಿ ಅಂತ ತಿಳಕೊಂಡು ಸುಮ್ಮನಽ ಬರೆದು ಕೊಡ್ತಾರ, ನಿನಗೇನು ಹೋಗ್ತದ? ಅವಳಿಗೇನು ಹೋಗುತ್ತದೆ! ಹೌದು, ನಾಚಿಕೆ ಇವರೊಬ್ಬರದೇ ಸ್ವತ್ತು, ಹೆಂಡತಿಗೆ ಅದರ ಗೊಡವೆ ಎಲ್ಲಿದೆ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸುತ್ತಿದ್ದಳು. ದಿನಾ ಬರೋಡಾದಿಂದ ಮಣಿನಗರದ ಇನ್ಶೂರೆನ್ಸ್ ಆಫೀಸಿಗೆ ಅಪ್-ಡೌನ್, ಗಾಡಿಯಲ್ಲಿ ಪಾಸಿನವರದೇ ಒಂದು ಗುಂಪು, ಮಡಿಲ ಮೇಲೆ ಸೂಟ್‌ಕೇಸಿಟ್ಟು ಇಸ್ಪೀಟು ಆಡುತ್ತಾರೆ, ಎದುರುಮನೆಯ ರಜನಿಭಾಯಿಯೂ ಅದರಲ್ಲೇ, ಅವರ ಮುಂದೆ ಇವರ ಚೀಲದಿಂದ ಆ ಮುಲಾಮಿನ ಟ್ಯೂಬು ಉರುಳಿ ಬಿದ್ದಿದೆ, ಇವರು ತಟ್ಟನೆ, ಮಿಸೆಸ್ ಕೆ ಲಿಯೇ, ಎಂದಿದ್ದಾರೆ. ಮುಗಿಯಿತು, ಮರುದಿನ ರಜನಿಭಾಯಿಯ ಹೆಂಡತಿ ತಾರಾಬೆನ್ ಸುವರ್ಣಗಡ್ಡೆಯ ಪಲ್ಯದ ಡಬ್ಬಿ ಹಿಡಿದು ಬಂದಳು, ಅರೆ ಕಮಲಾಬೆನ್, ನನಗೆ ಒಂದು ಮಾತು ಹೇಳಬಾರದಾ, ನಮ್ಮ ಅತ್ತೆಗೂ ಇದೇ ಆಗಿತ್ತು, ಮಜ್ಜಿಗೆಗೆ ಜೀರಿಗೆ ಹಾಕಿಕೊಂಡು ಕುಡಿ, ಖಾರ ಬಿಡು. ಖಾರ ಬಿಡು! ರಾತ್ರಿ ಆ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡು ತಿಂದವರು ಯಾರು? ಮತ್ತೆ ನವರಾತ್ರಿ — ವರ್ಷಕ್ಕೊಮ್ಮೆ ಅವಳು ಮನಸಾರೆ ಕುಣಿಯುವುದು ಗರ್ಬಾದಲ್ಲಿ, ಹದಿನೈದು ದಿನ ಮುಂಚೆ ಸೀರೆಗೆ ಫಾಲ್ ಹಚ್ಚಿಸಿಟ್ಟಿದ್ದಳು, ಚಪ್ಪಾಳೆ ಹಾಕುತ್ತ ಒಂದು ಸುತ್ತು ಬರುವುದರೊಳಗೆ ತಾರಾಬೆನ್ ಓಡಿ ಬಂದು ಕೈ ಹಿಡಿದಳು, ನೀನು ಬೇಡಪ್ಪಾ, ನಿನಗೆ ಆ ತ್ರಾಸು ಇದೆ, ಬೆಸೊ ಬೆಸೊ, ಎಂದು ಕುರ್ಚಿಗೆ ತಲೆದಿಂಬು ಹಾಕಿ ಕೂಡಿಸಿದಳು, ಒಂಬತ್ತು ರಾತ್ರಿಯೂ ಆ ತಲೆದಿಂಬಿನ ಮೇಲೆ ಕೂತು ಬೇರೆಯವರ ಕಾಲು ನೋಡಿದಳು, ಇವರು ಗಂಡಸರ ಕಡೆ ಕಂಬಕ್ಕೆ ಒರಗಿ ನಿಂತು, ಹಾಯಾಗಿ, ಯಾರದೋ ಕೂಸಿಗೆ ಐಸ್‌ಕ್ರೀಮು ಕೊಡಿಸುತ್ತಿದ್ದರು. ಗಾಡಿಯಲ್ಲೂ ಹಾಗೇ ನಿಲ್ಲುತ್ತಾರಂತೆ, ಎರಡು ತಾಸು, ಹೋಗುವಾಗ ಬರುವಾಗ, ಭೀಮ್‌ಸೇನ್‌ಭಾಯಿ ದೇವರಂಥಾ ಮನುಷ್ಯ, ದಿನಾ ಯಾರಿಗಾದರೂ ಸೀಟು ಬಿಟ್ಟುಕೊಡುತ್ತಾರೆ, ಎಂದು ತಾರಾಬೆನ್ ಕೊಂಡಾಡಿದಾಗ ಕಮಲಾಕ್ಷಿ ನಗಬೇಕೋ ಅಳಬೇಕೋ ತಿಳಿಯದೆ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು.

ನಗು ನಿಂತದ್ದು ಕಳೆದ ವಾರ. ರಜನಿಭಾಯಿಯೇ ಕೈಹಿಡಿದು ಕರೆದುಕೊಂಡು ಬಂದರು, ಗಾಡಿಯ ಬಾಗಿಲಲ್ಲಿ ನಿಂತಿದ್ದಾಗ ಕಣ್ಣು ಕತ್ತಲೆ ಬಂತಂತೆ, ಹಿಂದಿದ್ದವನು ಕಾಲರು ಹಿಡಿಯದಿದ್ದರೆ — ಅದನ್ನು ಅವರು ಪೂರ್ತಿ ಹೇಳಲಿಲ್ಲ, ಮುಖ ಸುಣ್ಣದ ಹಾಗಿತ್ತು, ಉಗುರಿನಲ್ಲಿ ರಕ್ತವಿರಲಿಲ್ಲ. ಮರುದಿನ ಮತ್ತೆ ಔಷಧಕ್ಕೆ ಹೋದರೆ ಡಾಕ್ಟರು ಗದರಿದರಂತೆ, ಎರಡು ತಿಂಗಳಾದರೂ ರಕ್ತ ನಿಲ್ಲದಿದ್ದರೆ ಅದು ಮೂಲವ್ಯಾಧಿಯೇ ಅಂತ ನಾನು ಕೂತಲ್ಲೇ ಹೇಗೆ ಹೇಳಲಿ, ಒಳಗೆ ಬೇರೇನಾದರೂ ಇದ್ದೀತು, ಬೇಗ ಸಿಕ್ಕರೆ ಗುಣವಾಗುತ್ತದೆ, ತಡವಾದರೆ ಬಂದು ಅಳಬೇಡಿ, ಬೆನ್ ಅವರನ್ನು ಕರೆದುಕೊಂಡು ಬನ್ನಿ. ಬೇರೇನಾದರೂ ಅಂದರೆ ಏನು, ಆ ಶಬ್ದವನ್ನು ಮನಸ್ಸಿನಲ್ಲೂ ಆಡಲು ಅವಳಿಗೆ ಧೈರ್ಯವಿಲ್ಲ, ಮತ್ತು ಈ ಮಹಾರಾಯರು ಅದಷ್ಟನ್ನೂ ಪೋಸ್ಟ್‌ಮನ್ ಕಾಗದ ಕೊಟ್ಟ ಹಾಗೆ ಅವಳಿಗೆ ತಂದು ಒಪ್ಪಿಸಿದರು, ನಿನ್ನ ನೋಡಬೇಕಂತಾರ, ಬಾ, ಒಂದು ಸಲ ತೋರಿಸಿಬಿಡು. ತೋರಿಸಿಬಿಡು! ತನ್ನನ್ನು ನೋಡಿ ಏನೂ ಇಲ್ಲ ಅಂತಾರೆ, ಇವರು ಅದನ್ನೇ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು, ಏನೂ ಇಲ್ಲಂತ, ಅಂತ ನಾಳೆ ಮತ್ತೆ ಗಾಡಿಯ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ, ನಿಂತೇ ನಿಲ್ಲುತ್ತಾರೆ, ಅವಳ ಆರೋಗ್ಯದಿಂದ ಇವರು ಬದುಕುತ್ತಾರಂತೆ, ಐವತ್ತಮೂರು ವರ್ಷದ, ಬೇರೆಯವರ ಜೀವವಿಮೆಯ ಕ್ಲೇಮು ಪಾಸು ಮಾಡುವ ಮನುಷ್ಯ!

ಕಮಲಾಬೆನ್! ಕಂಪೌಂಡರ ಕೂಗಿದ. ಕ್ಯಾಲೆಂಡರಿನ ಮುಂದಿನ ಬೆನ್ನು ಅಲುಗಲಿಲ್ಲ. ಎದ್ದಳು, ಒಳಗೆ ಹೋದಳು, ಕೂಡಲೂ ಇಲ್ಲ, ಅವಳ ಮುರುಕು ಹಿಂದಿ ಇವತ್ತು ಎಲ್ಲಿಂದ ಹೀಗೆ ಹರಿಯಿತೋ, ಡಾಕ್ಟರ್ ಸಾಹೇಬ್, ಮುಝೆ ಕುಛ್ ನಹೀ ಹೈ, ಪೇಶಂಟ್ ಬಾಹರ್ ಖಡಾ ಹೈ, ಎಂದುಬಿಟ್ಟಳು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಗೊತ್ತಿತ್ತು ಬೆನ್, ಈ ರೋಗಕ್ಕೆ ಗಂಡಂದಿರು ನನ್ನ ಹತ್ತಿರ ಬರುವುದೇ ಹೀಗೆ, ಕರೆಯಿರಿ. ಬಾಗಿಲು ತೆರೆದು, ರೀ, ಬರ್ರಿ, ಎಂದಳು, ಹಾಲಿನ ಎಲ್ಲ ಮುಖಗಳೂ ಮೇಲೆದ್ದವು, ಅವರು ಬಂದರು, ಬೈಯುತ್ತಾರೆ ಎಂದುಕೊಂಡಳು, ಬೈಯಲಿ, ಮನೆಗೆ ಹೋಗಿ ತಾಟು ಎಸೆಯಲಿ, ಆದರೆ ಶಾಲೆಯಲ್ಲಿ ಹೆಸರು ಕರೆಸಿಕೊಂಡವರ ಹಾಗೆ ಬಂದು ಪರದೆಯ ಹಿಂದೆ ಹೋದರು. ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ ಕೇಳಿದರು, ಕಬ್ ಸೆ? ಕಬ್ ಸೆ ಖೂನ್ ಜಾ ರಹಾ ಹೈ? ಪರದೆಯ ಹಿಂದಿನಿಂದ ಸಣ್ಣ ದನಿ, ಕನ್ನಡದಲ್ಲಿ, ಕಮಲಾ, ನೀನಽ ಹೇಳು. ಶ್ರಾವಣದಿಂದ, ನಾಲ್ಕು ತಿಂಗಳು, ಎನ್ನುವುದು ನಾಲಿಗೆಯ ತುದಿಗೆ ಬಂತು, ತುಟಿ ಕಚ್ಚಿದಳು, ಹೇಳುವುದಿಲ್ಲ, ಇದೊಂದನ್ನು ನಾನು ಹೇಳುವುದಿಲ್ಲ, ನಿಮ್ಮ ಬಾಯಿಂದಲೇ ಬರಲಿ, ಫ್ಯಾನು ಕಟಕಟ ಅನ್ನುತ್ತಿದೆ, ಡಾಕ್ಟರು ಕಾಯುತ್ತಿದ್ದಾರೆ, ಡೇಢ್ ಸಾಲ್, ಎಂದರು ಅವರು.

ಒಂದೂವರೆ ವರ್ಷ! ಹಾಗಾದರೆ ಹೋದ ವರ್ಷದ ದೀಪಾವಳಿಗೆ, ಅಭ್ಯಂಗಕ್ಕೆ ಮಣೆಯ ಮೇಲೆ ಕೂಡಲಾರೆ ಎಂದು ಹಟ ಮಾಡಿದಾಗ, ಅದಕ್ಕೂ ಮುಂಚೆ ಬೇಸಿಗೆಯಲ್ಲಿ, ಧಾರವಾಡಕ್ಕ ನಾ ಬರೂದಿಲ್ಲ, ನೀವಽ ಹೋಗಿ ಬರ್ರಿ, ಎಂದಾಗ, ಅಂದರೆ ತಾನು ದಿನಾ ಮೂರು ಹೊತ್ತು ಬಡಿಸುತ್ತ, ಪಕ್ಕದಲ್ಲೇ ಮಲಗುತ್ತ — ಕಣ್ಣು ಕೆಳಗಿಳಿಯಿತು, ಪರದೆ ನೆಲದವರೆಗೆ ಬಂದಿಲ್ಲ, ಕೆಳಗೆ ಎರಡು ಬರಿಗಾಲು, ಬಿಳಿಚಿದ ಬೆರಳು ನೆಲವನ್ನು ಬಿಗಿಯಾಗಿ ಹಿಡಿದಿವೆ, ಸುತ್ತ ಪ್ಯಾಂಟು ಮುದ್ದೆಯಾಗಿ ಬಿದ್ದಿದೆ, ಅದರಿಂದ ಬೆಲ್ಟು ಹೊರಗೆ ಚಾಚಿದೆ, ಬೆಲ್ಟಿನ ಹಳೆಯ ತೂತುಗಳು ಮುಗಿದ ಮೇಲೆ ಬಕಲಿನ ಕಡೆಗೆ ಒಂದು ಹೊಸ ತೂತು, ಇನ್ನಷ್ಟು ಬಿಗಿಯಲೆಂದು ಕಾಸಿದ ಮೊಳೆಯಿಂದ ಚುಚ್ಚಿದ್ದು, ಅಂಚು ಸುಟ್ಟಿದೆ, ಅದರಾಚೆ ಇನ್ನೊಂದು, ಯಾವಾಗ ಚುಚ್ಚಿಕೊಂಡರು, ಎಲ್ಲಿ ಕೂತು, ಮೊಳೆ ಎಲ್ಲಿ ಕಾಸಿದರು, ತನ್ನ ಒಲೆಯ ಮೇಲೆಯೇ — ಅದರಾಚೆ ಇನ್ನೊಂದು, ಅದರಾಚೆ ಇನ್ನೊಂದು