ಗಾಜಿನ ಗುಂಡಿನ ಸಾಕ್ಷಿ

ವರ್ಷದ ಅತಿ ಉದ್ದದ ಹಗಲು ಹತ್ತಿರವಾದಾಗ ಮಾತ್ರ ಪತ್ರಿಕೆಯವರಿಗೆ ಹವಾಮಾನ ಕಚೇರಿಯ ನೆನಪಾಗುತ್ತದೆ. ಆ ದಿನ ಸೂರ್ಯ ಹುಟ್ಟುವುದು ಎಷ್ಟು ಹೊತ್ತಿಗೆ, ಮುಳುಗುವುದು ಎಷ್ಟು ಹೊತ್ತಿಗೆ, ಹಿಂದೆ ಅದೇ ತಾರೀಖಿನಂದು ಊರು ಅತಿ ಹೆಚ್ಚು ಕಾದದ್ದು ಯಾವ ವರ್ಷ, ತಣ್ಣಗಿದ್ದದ್ದು ಯಾವ ವರ್ಷ ಎಂದೆಲ್ಲ ಕೇಳುತ್ತಾರೆ. ಉತ್ತರ ಬರೆದುಕೊಡುವ ಕೆಲಸ ಪುಟ್ಟಿಯದು. ಮನೆಯ ಆ ಹೆಸರು ಕಚೇರಿಗೂ ಅವಳ ಬೆನ್ನು ಹತ್ತಿ ಬಂದಿತ್ತು, ಯಾಕೆಂದರೆ ಅವಳ ಅಪ್ಪನೂ ಅಲ್ಲೇ ದುಡಿದು ನಿವೃತ್ತರಾದವರು. ತಲೆಯಲ್ಲಿ ನಾಲ್ಕು ಬಿಳಿ ಕೂದಲು ಕಂಡರೂ ಪುಟ್ಟಿ ಪುಟ್ಟಿಯೇ.

ಈ ಸಲ ತಣ್ಣನೆಯ ದಿನವನ್ನು ಹುಡುಕುವಾಗ ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಆ ದಿನ ನಡುಹಗಲಿನಲ್ಲೂ ತಾಪಮಾನ ಮುಂಜಾವಿನ ಮಟ್ಟ ಬಿಟ್ಟು ಏರಿರಲಿಲ್ಲ. ಅದೇ ಸಾಲಿನ ಕೊನೆಯಲ್ಲಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಪೂರ್ತಿ ಬಿಸಿಲು ಎಂದಿತ್ತು.

ಪಕ್ಕದ ಮೇಜಿನ ಗುಮಾಸ್ತ ಇಣುಕಿ ನೋಡಿ ನಕ್ಕ. "ಬಿಸಿಲಿದೆ, ಶಾಖ ಇಲ್ಲ! ಸೂರ್ಯ ಆವತ್ತು ನಮ್ಮ ಹಾಗೇ ಹಾಜರಿ ಹಾಕಿ ಕ್ಯಾಂಟೀನಿಗೆ ಹೋಗಿದ್ದ ಅನ್ಸುತ್ತೆ."

ಪುಟ್ಟಿಗೆ ನಗು ಬರಲಿಲ್ಲ. ಅದು ಅವಳಿಗೆ ಗೊತ್ತಿದ್ದ ದಿನ. ಅವಳಿಗಿಂತ ಮೊದಲು ಅವಳ ಅಮ್ಮ ಚೊಚ್ಚಲ ಗಂಡುಮಗುವನ್ನು ಹೆತ್ತದ್ದು ಅಂದೇ. ಹುಟ್ಟುವಾಗಲೇ ಜೀವ ಇರಲಿಲ್ಲ ಎಂದರು ಆಸ್ಪತ್ರೆಯವರು. ಇತ್ತು, ಒಂದು ಸಲ ಅತ್ತಿತು, ಕಿವಿಯಾರೆ ಕೇಳಿದ್ದೇನೆ ಎಂದಳು ಅಮ್ಮ. "ಮಟಮಟ ಮಧ್ಯಾಹ್ನ ಕತ್ತಲಾಯ್ತು. ವಾರ್ಡಿನಲ್ಲಿ ದೀಪ ಹಾಕಿದ್ರು. ಆಗ ಮಗು ಅತ್ತಿತು." ಅವಳ ಮಾತು ಇಷ್ಟೇ. ಇಂದಿಗೂ ಅದರಲ್ಲಿ ಒಂದಕ್ಷರ ಆಚೀಚೆಯಾಗಿಲ್ಲ.

ಆ ಕತ್ತಲೆಯೇ ಅವಳಿಗೆ ಮುಳುವಾಯಿತು. ತಿಂಗಳುಗಳು ಕಳೆದರೂ ಅವಳು ಅದೇ ಹೇಳುತ್ತಿದ್ದಾಗ ಬೇರೆ ಊರಿನಿಂದ ಬಂದಿದ್ದ ಅಜ್ಜಿ ಮಗನನ್ನೇ ಕೇಳಿದಳು: ಅಂದು ನಿಜವಾಗಿ ಕತ್ತಲಾಗಿತ್ತೇ? ಅಪ್ಪ ತಲೆ ಎತ್ತದೆ, ಕಚೇರಿಯಲ್ಲಿ ಬಿಸಿಲು ಅಳೆಯುವ ಗಾಜಿನ ಗುಂಡಿನ ಪ್ರಕಾರ ದಿನವಿಡೀ ಬಿಸಿಲು ಎಂದರು. ಅಲ್ಲಿಗೆ ಮುಗಿಯಿತು. ಇಲ್ಲದ ಕತ್ತಲೆಯನ್ನು ಕಂಡವಳು ಇಲ್ಲದ ಅಳುವನ್ನೂ ಕೇಳಿದ್ದಾಳೆ ಎಂದು ಎಲ್ಲರೂ ಮರುಕ ತೋರಿಸಿದರು. ಆ ಮರುಕದಲ್ಲೇ ಅಮ್ಮ ಮುದುಕಿಯಾದಳು. ಪುಟ್ಟಿಯೂ ಅವಳನ್ನು ನಂಬಿರಲಿಲ್ಲ.

ಗಾಜಿನ ಗುಂಡು ಆಗ ಕಚೇರಿಯ ತಾರಸಿಯ ಮೇಲಿತ್ತು. ಬಿಸಿಲು ಅದರೊಳಗಿಂದ ಹಾದು ಹಿಂದಿಟ್ಟ ರಟ್ಟಿನ ಪಟ್ಟಿಯ ಮೇಲೆ ಗೆರೆ ಸುಡುತ್ತಾ ಹೋಗುತ್ತದೆ. ಮೋಡ ಬಂದರೆ ಗೆರೆ ತುಂಡಾಗುತ್ತದೆ. ಪ್ರತಿ ಸಂಜೆ ಪಟ್ಟಿ ಬದಲಿಸಬೇಕು. ಮರೆತರೆ ವರ್ಷದ ಉಳಿದ ಕಾಲದಲ್ಲಿ ತಪ್ಪು ಮುಚ್ಚಿಡುವುದಕ್ಕಾಗದು, ಸೂರ್ಯ ದಿನದಿನಕ್ಕೆ ಜಾಗ ಬದಲಿಸುವುದರಿಂದ ಎರಡನೆಯ ಗೆರೆ ಪಕ್ಕಕ್ಕೆ ಬೀಳುತ್ತದೆ. ಅತಿ ಉದ್ದದ ಹಗಲಿನ ಆಸುಪಾಸಿನಲ್ಲಿ ಮಾತ್ರ ಅವನು ಕದಲದವನ ಹಾಗೆ ನಿಂತಿರುತ್ತಾನೆ. ಮೊದಲ ದಿನದ ಗೆರೆ ಪೂರ್ತಿ ಸುಟ್ಟಿದ್ದರೆ, ಮರುದಿನ ಅವನು ಬಂದನೋ ಇಲ್ಲವೋ, ಆ ಪಟ್ಟಿಯಿಂದ ದೇವರಿಗೂ ತಿಳಿಯದು.

ಹಿಂದಿನ ದಿನದ ಬಿಸಿಲಿನ ಲೆಕ್ಕ ನೋಡಿದಳು. ಅದೂ ಅಷ್ಟೇ, ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಪುಟ್ಟಿ ಅರ್ಧ ದಿನ ರಜೆ ಹಾಕಿ ಮನೆಗೆ ನಡೆದಳು.

ಅಪ್ಪ ಹಜಾರದಲ್ಲಿ ಕುಳಿತು ಕನ್ನಡಕ ಒರೆಸುತ್ತಿದ್ದರು. ಅವಳು ಚಪ್ಪಲಿ ಬಿಡುತ್ತಲೇ ಕೇಳಿದಳು.

"ಅಪ್ಪಾ, ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ್ದು ಹಿಂದಿನ ಸಂಜೆ ತಾನೇ? ಆ ಸಂಜೆ ಪಟ್ಟಿ ಬದಲಾಯಿಸಿದ್ದು ಯಾರು?"

ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು.

"ಥರ್ಮಾಮೀಟರನ್ನ ಸಹಾಯಕ ನೋಡ್ಕೊಂಡ," ಎಂದರು. "ಗುಂಡನ್ನ ಮುಟ್ಟೋಕೆ ನಾನು ಯಾರನ್ನೂ ಬಿಡ್ತಿರಲಿಲ್ಲ."

"ಹಾಗಾದ್ರೆ ಯಾರೂ ಬದಲಾಯಿಸಲಿಲ್ಲ."

ಅಪ್ಪ ಕನ್ನಡಕವನ್ನು ಪಕ್ಕದಲ್ಲಿಟ್ಟರು.

"ನೀವೂ ವಾರ್ಡಿನ ಹೊರಗೇ ಇದ್ರಲ್ಲಪ್ಪ. ಕತ್ತಲಾಗಿದ್ದು ಕಾಣಿಸಲಿಲ್ವಾ?"

"ಕಾಣಿಸ್ತು. ನರ್ಸು ಬಂದು ದೀಪ ಹಾಕಿದ್ಲು." ಅವರು ಒಳಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಕೆಲಸಕ್ಕೆ ವಾಪಸ್ ಹೋದಾಗ ಒಂದೇ ಪಟ್ಟಿ ಇತ್ತು. ದಾಖಲೆ ಇಲ್ಲ ಅಂತ ಬರೀಬೇಕಿತ್ತು. ಮೇಲಿನವರ ಹೆದರಿಕೆ, ಎರಡು ದಿನಕ್ಕೂ ಅದನ್ನೇ ಬರೆದ್ಬಿಟ್ಟೆ. ಆಮೇಲೆ ನಿನ್ನಜ್ಜಿ ಕೇಳಿದಾಗ... ಮಗು ಅತ್ತೇ ಇಲ್ಲ ಅಂತಾದ್ರೆ ಇವಳು ಬೇಗ ಮರೀತಾಳೆ ಅಂದ್ಕೊಂಡೆ ಪುಟ್ಟಿ."

ಪುಟ್ಟಿಗೆ ಅಪ್ಪನ ಮೇಲೆ ಮೈಯೆಲ್ಲ ಉರಿದುಹೋಯಿತು. ಒಂದು ದಿನದ ಬಿಸಿಲಿನ ಲೆಕ್ಕ ಉಳಿಸಿಕೊಳ್ಳಲು ಈ ಮನುಷ್ಯ ಕಟ್ಟಿಕೊಂಡವಳನ್ನು ಜೀವಮಾನವಿಡೀ ಭ್ರಮೆಯವಳನ್ನಾಗಿ ಮಾಡಿದರು. ಬೈಯಬೇಕೆಂದು ಬಾಯಿ ತೆರೆದವಳು, ಒಳಗೆ ಅಮ್ಮನ ಬಳೆಯ ಸದ್ದು ಕೇಳಿ ಒಂದೇ ಮಾತು ಹೇಳಿದಳು.

"ನನಗಲ್ಲ, ಅಮ್ಮನಿಗೆ ಹೇಳಿ."

ಅಮ್ಮ ಒಳಕೋಣೆಯ ಮಂಚದ ಪಕ್ಕ ನಿಂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಏನ್ರೀ? ಕಾಫಿ ಬೇಕಿತ್ತಾ?"

"ಆವತ್ತು ಕತ್ತಲಾಗಿತ್ತು ಕಣೇ," ಎಂದರು ಅಪ್ಪ. "ನಾನೇ ನೋಡಿದ್ದೆ. ಪಟ್ಟಿ ಬದಲಾಯಿಸಿರಲಿಲ್ಲ. ನಾನು ಹೇಳಿದ್ದು ಸುಳ್ಳು."

ಅಮ್ಮ ಮಡಿಸುತ್ತಿದ್ದ ಟವೆಲನ್ನು ಮಡಿಸಿ ಮುಗಿಸಿದಳು. ಅಂಚಿಗೆ ಅಂಚು ಸೇರಿಸಿ, ಸುಕ್ಕು ತೀಡಿ, ಬಟ್ಟೆಯ ರಾಶಿಯ ಮೇಲಿಟ್ಟಳು. ಅವಳು ಕೂಗಾಡುತ್ತಾಳೆ, ಇಲ್ಲವೇ ಕುಸಿದು ಅಳುತ್ತಾಳೆ ಎಂದುಕೊಂಡು ಪುಟ್ಟಿ ಓಡಿಹೋಗಿ ಹಿಡಿದುಕೊಳ್ಳಲು ಸಿದ್ಧಳಾಗಿ ಅಪ್ಪನ ಹಿಂದೆ ನಿಂತಿದ್ದಳು. ಅಮ್ಮ ಎರಡನ್ನೂ ಮಾಡಲಿಲ್ಲ.

"ಹಾಗಾದ್ರೆ ಅತ್ತಿದ್ದೂ ನಿಜ," ಎಂದಳು.

"ನಿಜ ಇರಬೇಕು. ನೀನು ಕೇಳಿದೀಯಲ್ಲ."

"ಇರಬೇಕು ಅಲ್ಲ ರೀ."

ಅಪ್ಪ ತಲೆ ತಗ್ಗಿಸಿದರು. "ನಿಜ," ಎಂದರು.

ಅಮ್ಮ ಮಂಚದ ತುದಿಯಲ್ಲಿ ಕುಳಿತಳು. ಗಂಡನತ್ತ ತಿರುಗಿದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಬದುಕಿದ್ದ ಮಗು ಅದು. ಒಂದು ಹೆಸರಿಡಿ. ಇಷ್ಟು ವರ್ಷ ಅವನನ್ನ ನೆನೆಸ್ಕೊಂಡಾಗೆಲ್ಲ ಏನಂತ ಕರೀಬೇಕು ಅಂತಾನೇ ನಂಗೆ ಗೊತ್ತಾಗ್ತಿರಲಿಲ್ಲ."