ಬನ್ನಿಮಾವನ ಶುಕ್ರವಾರ

"ತಲೆ ಕಡೆ ಎತ್ತಿ, ತಲೆ ಕಡೆ! ಇಳಿಸಿ ಅಂದ್ರೆ ಕೈ ಬಿಡಿ ಅಂತಲ್ಲ ಸ್ವಾಮಿ!"

ಎರಡನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಹಾಕಿಕೊಂಡಿತ್ತು. ಮುಂದೆ ಹೆಗಲು ಕೊಟ್ಟವನು ಬೀದಿ ಕೊನೆಯ ಕ್ಷೌರಿಕ, ಕೂಗುತ್ತಿದ್ದವನೂ ಅವನೇ. ಹಿಂದೆ ಹೆಗಲು ಕೊಟ್ಟವರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಮೇಷ್ಟ್ರು. ಅವರ ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಸರಿಮಾಡಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿದ್ದ ಸತ್ತವನ ಮಗಳು ಬಗ್ಗಿ ಅದನ್ನು ಹಿಂದಕ್ಕೆ ತಳ್ಳಿ ಕೂರಿಸಿದಳು. ಕನ್ನಡಕದಂಗಡಿಯಲ್ಲಿ ಹದಿನೆಂಟು ವರ್ಷದಿಂದ ಗಾಜು ಉಜ್ಜುವವಳು. ಬೇರೆಯವರ ಮೂಗು ಅವಳಿಗೆ ಹೊಸದಲ್ಲ.

"ಜೀವಮಾನ ಎಲ್ಲ ನಮ್ಮನ್ನ ಅಂಗಡಿಯಿಂದ ಎಳ್ಕೊಂಡು ಹೋದ," ಕ್ಷೌರಿಕ ಏದುಸಿರು ಬಿಡುತ್ತ ಅಂದ. "ಇವತ್ತು ನಾವು ಎಳೆದ್ರೆ ಬರಲ್ಲ ಅಂತಾನೆ ನೋಡು."

"ಎಷ್ಟು ಗಂಟೆಗೆ ಅಂತ ಅವನಿಗೆ ಹೇಳಿದ್ರಾ?" ಮೇಲಿನಿಂದ ಸೋದರತ್ತೆ ಕೇಳಿದಳು. ಸತ್ತವನಿಗಿಂತ ಒಂಬತ್ತು ವರ್ಷ ದೊಡ್ಡವಳು. "ಹೊತ್ತಿಗೆ ಮುಂಚೆ ಎಲ್ಲಿಗೂ ಹೋದವನಲ್ಲ ನನ್ನ ತಮ್ಮ. ಇದೊಂದಕ್ಕೇ ಅವಸರ ಮಾಡಿದ."

ಯಾರೋ ನಕ್ಕರು. ನಕ್ಕವರೇ ಮೂಗು ಒರೆಸಿಕೊಂಡರು. ಪೆಟ್ಟಿಗೆ ಒಂದು ಮೂಲೆಯ ಸುಣ್ಣ ಕೆರೆದುಕೊಂಡು ತಿರುವು ದಾಟಿತು.

*

ಬನ್ನಿಮಾವ ಎಂಬುದು ಸತ್ತವನಿಗೆ ಬೀದಿ ಇಟ್ಟ ಹೆಸರು. ವಿಶ್ವವಿದ್ಯಾಲಯದ ಸಾಂಸ್ಕೃತಿಕ ವಿಭಾಗದಲ್ಲಿ ಅವನೊಬ್ಬ ಗುಮಾಸ್ತ. ಮುಂಬರುವ ನಾಟಕ, ಕಛೇರಿ, ಚಿತ್ರಪ್ರದರ್ಶನ, ಉಪನ್ಯಾಸ ಎಲ್ಲವನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಸೋಮವಾರ ಹಂಚುವುದು ಅವನ ಕೆಲಸ. ಸಂಬಳ ಅಷ್ಟಕ್ಕೇ. ಶುಕ್ರವಾರದ ಸಾರ್ವಜನಿಕ ಉಪನ್ಯಾಸವನ್ನು ಮಾತ್ರ ಅವನೇ ಹಟ ಹಿಡಿದು ಶುರುಮಾಡಿಸಿದ್ದ. ಗುರುತಿನ ಚೀಟಿ ಬೇಡ, ಹೆಸರು ಬರೆಸಬೇಕಿಲ್ಲ, ಯಾರು ಬೇಕಾದರೂ ಬಂದು ಕೂರಬಹುದು.

"ಹಾಳೆ ಓದೋರು ಓದಿ ಮಡಚಿಡ್ತಾರೆ. ಬರೋರು ಬೇರೆ. ಅವರನ್ನ ಬಾಯಿಬಿಟ್ಟು ಕರೀಬೇಕು" ಎನ್ನುತ್ತಿದ್ದ.

ಕರೆಯುವುದಕ್ಕೂ ಅವನದೊಂದು ರೀತಿ. ಗುರುವಾರವೇ ಉಪನ್ಯಾಸಕರ ಕೋಣೆಗೆ ಹೋಗಿ ಕೂರುತ್ತಿದ್ದ. "ನಿಮ್ಮ ಮಾತಲ್ಲಿ ದಾದಿಗೇನಿದೆ? ಬಸ್ಸು ಓಡಿಸೋನಿಗೇನಿದೆ?" ಹಳೆಯ ತೆರಿಗೆಗಳ ಬಗ್ಗೆ ಸಂಶೋಧನೆ ಮಾಡಿದ ಒಬ್ಬರು ಸಿಟ್ಟಾಗಿ, "ಏನೂ ಇಲ್ಲ" ಅಂದಿದ್ದರಂತೆ. "ಹಾಗಾದ್ರೆ ಇನ್ನೊಂದು ಸಲ ಯೋಚನೆ ಮಾಡಿ ಸಾರ್, ಇಲ್ಲೇ ಕೂತಿರ್ತೀನಿ" ಎಂದು ಒಂದೂವರೆ ಗಂಟೆ ಕೂತಿದ್ದ. ಶುಕ್ರವಾರ ಬೆಳಗ್ಗೆ ಓಣಿ ಓಣಿ ಸುತ್ತುತ್ತಿದ್ದ. ಇಬ್ಬರಿಗೆ ಒಂದೇ ಕಾರಣ ಹೇಳಿದವನಲ್ಲ. ತಿಮಿಂಗಿಲದ ಉಪನ್ಯಾಸಕ್ಕೆ ಕ್ಷೌರಿಕನನ್ನು ಕರೆದದ್ದು ಹೀಗೆ: "ಅಷ್ಟು ದೊಡ್ಡ ಪ್ರಾಣಿ, ಹುಟ್ಟುವಾಗ ಮೂತಿ ಮೇಲೆ ನಾಲ್ಕು ಕೂದಲು ಇರುತ್ತಂತೆ. ನಿನಗಲ್ದೆ ಇನ್ಯಾರಿಗೆ ಹೇಳಲಿ? ಬನ್ನಿ." ಏಕವಚನದಲ್ಲಿ ಶುರುವಾದ ಮಾತೂ ಕೊನೆಗೆ ‘ಬನ್ನಿ’ ಎಂದೇ ಮುಗಿಯುತ್ತಿತ್ತು.

*

ಸ್ಮಶಾನದ ದಾರಿಯಲ್ಲಿ ವ್ಯಾನಿನೊಳಗೆ ಮೇಷ್ಟ್ರು ಮಗಳ ಪಕ್ಕದಲ್ಲಿ ಕೂತಿದ್ದರು. ಬೆರಳು ಹಿಸುಕಿಕೊಳ್ಳುತ್ತಲೇ ಬಾಯಿಬಿಟ್ಟರು.

"ಇವತ್ತು ಐದು ಗಂಟೆಗೆ ನಂದೇ ಇತ್ತು ಉಪನ್ಯಾಸ. ಹಾವಸೆ ಬಗ್ಗೆ. ಗೋಡೆ ಮೇಲೆ ಹಸಿರಾಗಿ ಬೆಳೆಯುತ್ತಲ್ಲ, ಅದೇ."

"ಗೊತ್ತು ಸಾರ್. ಅಪ್ಪ ಹೇಳಿದ್ರು."

"ಅವರು ಮಲಗಿದ ಮೇಲೆ ಮೂರು ಶುಕ್ರವಾರ ನಲವತ್ತು ಜನವೂ ಬರ್ಲಿಲ್ಲ. ನಾಲ್ಕನೇದೂ ಹಾಗೇ ಆದ್ರೆ ಶುಕ್ರವಾರದ್ದನ್ನೇ ನಿಲ್ಲಿಸ್ತೀವಿ ಅಂದಿದಾರೆ ಅಧಿಕಾರಿಗಳು. ನಡೆಯದೇ ಹೋದ್ರೂ ಅದೇ ಲೆಕ್ಕ. ನಿಮ್ಮಪ್ಪ ಹೋದ ವಾರ ಹಾಸಿಗೆಯಿಂದ ಫೋನ್ ಮಾಡಿ, ‘ಹೆದರ್ಬೇಡಿ, ನಾನು ಜನ ತರ್ತೀನಿ’ ಅಂದ್ರು." ಮೇಷ್ಟ್ರು ಮುಂದಿದ್ದ ಪೆಟ್ಟಿಗೆಯನ್ನು ನೋಡಿ ತಲೆ ತಗ್ಗಿಸಿದರು. "ಕ್ಷಮಿಸಿ. ಇವತ್ತು ಹೇಳೋ ಮಾತಲ್ಲ ಇದು."

"ಇವತ್ತೇ ಹೇಳೋ ಮಾತು," ಅಂದಳು ಮಗಳು. ಆದರೆ ಅವಳಿಗೆ ಜನರೆಂದರೆ ಒಬ್ಬೊಬ್ಬರಾಗಿ ಬಂದು ಕುರ್ಚಿಯಲ್ಲಿ ಕೂರುವವರು. ಗುಂಪಿನ ಮುಂದೆ ಬಾಯಿ ತೆರೆದು ಮೂವತ್ತು ವರ್ಷವಾಗಿತ್ತು.

*

ಅವಳಿಗಾಗ ಒಂಬತ್ತು. ಅಜ್ಜಿಯ ಬಾಯಿಂದ ಕೇಳಿ ಕೇಳಿಯೇ ನೂರೆಂಟು ಪದ್ಯ ಬಾಯಿಗೆ ಬಂದಿತ್ತು. ಶಾಲೆಯಲ್ಲಿ ಒಂದು ಶನಿವಾರ, ಎರಡನೆಯ ತರಗತಿಯ ಕೋಣೆಯಲ್ಲಿ, ತಾಯಂದಿರ ಮುಂದೆ ಹೇಳುವುದೆಂದು ಟೀಚರು ಗೊತ್ತುಮಾಡಿದ್ದರು. ಅಪ್ಪ ಅದನ್ನು ವಿಶ್ವವಿದ್ಯಾಲಯದ ಹಾಳೆಯಲ್ಲಿ ಅಚ್ಚು ಹಾಕಿಸಿಬಿಟ್ಟ. ಪಿಟೀಲು ಕಛೇರಿಗೂ ಗ್ರಹಣದ ಉಪನ್ಯಾಸಕ್ಕೂ ನಡುವೆ, ಅದೇ ಅಳತೆಯ ಅಕ್ಷರದಲ್ಲಿ.

ಇನ್ನೂರು ಜನ ಬಂದರು. ಇಬ್ಬರು ಪ್ರಾಧ್ಯಾಪಕರು ಪುಟ್ಟ ಬೆಂಚಿನಲ್ಲಿ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತರು. ಕಿಟಕಿಗಳಲ್ಲೆಲ್ಲ ತಲೆಗಳು. ಹದಿನೇಳನೆಯ ಪದ್ಯದ ಎರಡನೆಯ ಸಾಲಿನಲ್ಲಿ ಅವಳ ನಾಲಿಗೆ ಒಣಗಿ ನಿಂತಿತು. ಎಲ್ಲರೂ ಕಾದರು. ಕಾದದ್ದೇ ಹೆಚ್ಚಾಯಿತು, ಅವಳು ಓಡಿದಳು.

ಆ ರಾತ್ರಿ ಅಪ್ಪ ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹೇಳಿದ: "ಊರಿಗೆಲ್ಲ ಕೇಳಿದೆ, ಬರ್ತೀರಾ ಅಂತ. ನಿನ್ನೊಬ್ಬಳನ್ನೇ ಕೇಳ್ಲಿಲ್ಲ, ಹೇಳ್ತೀಯಾ ಅಂತ. ತಪ್ಪು ನಂದು ಮಗಳೇ."

ಅಂದಿನಿಂದ ಅವಳನ್ನು ಯಾವ ಕಾರ್ಯಕ್ರಮಕ್ಕೂ ಕರೆಯಲಿಲ್ಲ. ಅವಳೂ ಹೋಗಲಿಲ್ಲ. ಅಪ್ಪನ ಸಂಜೆಗಳೆಲ್ಲ ಬೇರೆಯವರ ಪಾಲಾದವು.

*

ಸ್ಮಶಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ಸಿನವರು ಸಮವಸ್ತ್ರದಲ್ಲೇ ಬಂದಿದ್ದರು. ಆಸ್ಪತ್ರೆಯ ದಾದಿಯರು ಪಾಳಿ ಬದಲಿಸಿಕೊಂಡು ಬಂದಿದ್ದರು. ಎಲ್ಲರ ಬಾಯಲ್ಲೂ ಅವನು ತಮ್ಮನ್ನು ಕರೆದ ಕತೆಯೇ.

"ನನಗೆ ಭೂಕಂಪದ ಉಪನ್ಯಾಸ ಕೇಳಿಸಿದ. ‘ನಿನ್ನ ಬಸ್ಸಿಗಿಂತ ಕಡಿಮೆ ಕುಲುಕುತ್ತೆ, ಧೈರ್ಯವಾಗಿ ಬನ್ನಿ’ ಅಂದ."

"ನಿಂಗೆ ಅರ್ಥ ಆಯ್ತಾ?"

"ಅರ್ಧ ಆಯ್ತು. ಉಳಿದರ್ಧಕ್ಕೆ ಮುಂದಿನ ವಾರನೂ ಹೋದೆ."

ಪೆಟ್ಟಿಗೆ ಕೆಳಗಿಳಿಯಿತು. ಅತ್ತೆ ಗುಂಡಿಯ ಅಂಚಿನಲ್ಲಿ ನಿಂತು ಕಣ್ಣು ಮುಚ್ಚಿ, ತನ್ನ ತಾಯಿ ಹೇಳುತ್ತಿದ್ದ ಅದೇ ಪದ್ಯಗಳನ್ನು ಶುರುಮಾಡಿದಳು. ದನಿ ಸಣ್ಣದು, ಆದರೆ ಧಾಟಿ ತಪ್ಪಲಿಲ್ಲ. ಸಲಿಕೆ ಹಿಡಿದವನು ಸಲಿಕೆ ಊರಿ ನಿಂತ. ಮೂರನೆಯ ಪದ್ಯದ ನಡುವೆ ಅತ್ತೆಯ ಉಸಿರು ಕಟ್ಟಿತು. ಮುಂದಿನ ಸಾಲು ಬರಲಿಲ್ಲ. ಅವಳ ತುಟಿ ಅಲುಗುತ್ತಲೇ ಇತ್ತು.

ಆ ಸಾಲನ್ನು ಹೇಳಿದ್ದು ಯಾರ ದನಿ ಎಂದು ಮಗಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ತನ್ನದೇ ಎಂದು ತಿಳಿಯುವಷ್ಟರಲ್ಲಿ ಪದ್ಯ ಮುಗಿದು ಇನ್ನೊಂದು ಹಿಡಿದಾಗಿತ್ತು. ಅವಳು ನಿಲ್ಲಿಸಲಿಲ್ಲ. ಅತ್ತೆ ಅವಳ ಮುಂಗೈ ಹಿಡಿದುಕೊಂಡಳು. ಅಷ್ಟು ಜನರ ಮೌನ ಅವಳ ಮೈಮೇಲೆ ಬಂದು ಬೀಳಲಿಲ್ಲ. ಕಾಲಡಿಯ ನೆಲದ ಹಾಗೆ ಸುಮ್ಮನೆ ಅವಳನ್ನು ಹೊತ್ತುಕೊಂಡಿತು.

ಮಣ್ಣು ಹಾಕಿದ ಮೇಲೆ ಸಾಂಸ್ಕೃತಿಕ ವಿಭಾಗದ ಅಧಿಕಾರಿ ಮುಂದೆ ಬಂದರು. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲೊಂದು ರಟ್ಟಿನ ಕಡತ. ಕೆಟ್ಟವರಲ್ಲ, ಬೆಳಗ್ಗೆ ಎಲ್ಲರಿಗಿಂತ ಮೊದಲು ಮನೆಗೆ ಬಂದವರೂ ಅವರೇ.

"ಅಗಲಿದ ನಮ್ಮ ಸಹೋದ್ಯೋಗಿಯ ಗೌರವಾರ್ಥ ಇಂದಿನ ಉಪನ್ಯಾಸವನ್ನು ರದ್ದುಪಡಿಸಲಾಗಿದೆ," ಎಂದು ಗಂಭೀರವಾಗಿ ಹೇಳಿದರು.

ಮೇಷ್ಟ್ರು ಬೂಟಿನ ತುದಿ ನೋಡಿಕೊಂಡರು.

"ಒಂದು ನಿಮಿಷ ಸಾರ್," ಅಂದಳು ಮಗಳು. ಜನರ ಕಡೆ ತಿರುಗಲಿಲ್ಲ; ಮೊದಲು ಮೇಷ್ಟ್ರ ಕಡೆ ತಿರುಗಿದಳು. "ನಿಮ್ಮನ್ನ ಕೇಳ್ತೀನಿ ಮೊದಲು. ಇವತ್ತು ಮಾತಾಡೋಕೆ ನಿಮಗೆ ಮನಸ್ಸಿದೆಯಾ?"

ಮೇಷ್ಟ್ರು ಮಣ್ಣಿನ ದಿಬ್ಬವನ್ನೂ ಅವಳನ್ನೂ ನೋಡಿದರು. "ಇದೆ," ಅಂದರು. "ಆದರೆ ಯಾರು..."

"ಅದು ಬಿಡಿ. ದಾದಿಯರಿಗೇನಿದೆ ಹೇಳಿ, ಹಾವಸೆಯಲ್ಲಿ."

"ಹಿಂದೆ ಯುದ್ಧದಲ್ಲಿ ಹತ್ತಿ ಸಾಲದೇ ಹೋದಾಗ ಗಾಯಕ್ಕೆ ಒಂದು ಜಾತಿ ಹಾವಸೆ ಕಟ್ಟುತ್ತಿದ್ದರು."

"ಕೇಳಿದ್ರಾ ಅಕ್ಕಂದಿರೇ? ಗಾಯಕ್ಕೆ ಕಟ್ಟೋದಂತೆ. ಐದು ಗಂಟೆಗೆ ಬನ್ನಿ." ದನಿ ಮೊದಲ ಮಾತಿಗೆ ಒಡೆಯಿತು, ಎರಡನೆಯದಕ್ಕೆ ಕೂಡಿಕೊಂಡಿತು. "ಕ್ಷೌರಿಕರಿಗೆ ಸಾರ್?"

"ಅದಕ್ಕೆ ಬೇರಿಲ್ಲ. ಬೇರಿಲ್ದೇ ಕಲ್ಲು ಹಿಡಿದು ನಿಲ್ಲುತ್ತೆ."

"ಬೇರಿಲ್ದೇ ನಿಲ್ಲೋದು ಹೇಗೆ ಅಂತ ತಿಳಿದ್ರೆ ನಿಮ್ಮ ಅಂಗಡಿಗೆ ಬರೋ ಬೋಳುತಲೆಯವರಿಗೆಲ್ಲ ಹೇಳಬಹುದಲ್ಲ ಅಣ್ಣ?"

"ಅಪ್ಪನ ಮಗಳೇ!" ಕ್ಷೌರಿಕ ಜೋರಾಗಿ ಅಂದ. ಸ್ಮಶಾನದಲ್ಲಿ ನಗು ಎದ್ದಿತು.

"ನನಗೇನಿದೆಯೇ?" ಅತ್ತೆ ಕೇಳಿದಳು.

"ಹೋದ ವರ್ಷ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಜಾರಿ ಸೊಂಟ ಮುರ್ಕೊಂಡ್ರಲ್ಲ. ಯಾರು ಬೀಳಿಸಿದ್ದು ಅಂತ ಮುಖ ನೋಡಿ ಬರೋದು ಬೇಡ್ವಾ?"

"ನೋಡ್ಲೇಬೇಕು," ಅಂದಳು ಅತ್ತೆ. "ಎರಡು ಮಾತು ಕೇಳೋದೂ ಇದೆ ಅದಕ್ಕೆ."

ಅಧಿಕಾರಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದರು: "ರದ್ದು ಅಂತ ಹೇಳಿಯಾಯ್ತಮ್ಮ. ಗೌರವಕ್ಕೆ..."

"ಅವರ ಗೌರವಕ್ಕೆ ಬಾಗಿಲು ಹಾಕ್ತೀರಾ ಸಾರ್? ಇಪ್ಪತ್ತಾರು ವರ್ಷ ಅವರು ತೆಗೆಸಿದ್ದು ಬಾಗಿಲೇ." ಇಷ್ಟು ಸಲೀಸಾಗಿ ಬಂದ ಮಾತಿಗೆ ಅವಳೇ ಬೆರಗಾದಳು. "ಬಂದವರನ್ನ ಎಣಿಸಿ. ನಲವತ್ತಕ್ಕೆ ಒಬ್ಬರು ಕಡಿಮೆ ಆದ್ರೂ ನಿಲ್ಲಿಸಿಬಿಡಿ. ನಾನು ಮಾತಾಡಲ್ಲ."

ಅಧಿಕಾರಿ ಸುತ್ತಲೂ ನೋಡಿದರು. ಎಲ್ಲರ ಕಣ್ಣೂ ಅವರ ಮೇಲೇ ಇತ್ತು.

"ಐದು ಗಂಟೆಗೆ ತೆಗೆಸ್ತೀನಿ," ಅಂದರು.

*

ಸಭಾಂಗಣದ ಕೆಂಪು ಜಮಖಾನದ ಮೇಲೆಲ್ಲ ಸ್ಮಶಾನದ ಮಣ್ಣಿನ ಹೆಜ್ಜೆ. ಮನೆಗೆ ಹೋಗಿ ಮುಖ ತೊಳೆದು ಬಂದವರು ಕೆಲವರು, ನೇರ ಬಂದವರೇ ಹೆಚ್ಚು. ಮಗಳು ಮೂರನೆಯ ಸಾಲಿನಲ್ಲಿ ಅತ್ತೆಯ ಪಕ್ಕ ಕೂತಳು. ಈ ಕುರ್ಚಿಗಳು ಇಷ್ಟು ಮೆತ್ತಗಿರುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ಹಿಂದೆ ಕಾಲು ಎಳೆಯುವ ಸದ್ದು, ಕೆಮ್ಮು, "ಸ್ವಲ್ಪ ಸರೀರಿ" ಎನ್ನುವ ಪಿಸುಮಾತು ನಿಲ್ಲಲೇ ಇಲ್ಲ. ಅಧಿಕಾರಿ ಬಾಗಿಲ ಪಕ್ಕ ಕಡತ ಬಿಚ್ಚಿ, ಪೆನ್ನು ಹಿಡಿದು, ಒಳಗೆ ಬಂದ ಪ್ರತಿಯೊಬ್ಬರಿಗೂ ಒಂದು ಗೀಟು ಹಾಕುತ್ತಿದ್ದರು. ಗೀಟು ಆಗಲೇ ನಲವತ್ತು ದಾಟಿತ್ತು.

ಮೇಷ್ಟ್ರು ಬರೆದು ತಂದ ಹಾಳೆಗಳನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಕಾಗದದ ಪೊಟ್ಟಣ ಬಿಚ್ಚಿ ಕಂದುಬಣ್ಣಕ್ಕೆ ತಿರುಗಿದ ಒಣ ಹಾವಸೆಯ ಒಂದು ಉಂಡೆ ತೆಗೆದರು.

"ಇದು ಏಳು ವರ್ಷದಿಂದ ನನ್ನ ಮೇಜಿನ ಡ್ರಾಯರಿನಲ್ಲಿತ್ತು," ಅಂದರು.

"ಜೋರಾಗಿ ಹೇಳಿ ಸಾರ್!" ಹಿಂದಿನಿಂದ ಬಸ್ಸಿನವನು ಕೂಗಿದ.

ಮೇಷ್ಟ್ರು ಜೋರಾಗಿಯೇ ಹೇಳಿದರು. ಲೋಟದ ನೀರನ್ನು ಅದರ ಮೇಲೆ ಚಿಮುಕಿಸಿ ಮೊದಲ ಸಾಲಿನವರ ಕೈಗೆ ಕೊಟ್ಟರು. ಉಂಡೆ ಅಂಗೈಯಿಂದ ಅಂಗೈಗೆ ಹೊರಟಿತು. ಅತ್ತೆ ಅದನ್ನು ಮೂಗಿನ ಹತ್ತಿರ ಹಿಡಿದು, "ನೀನೇನಾ?" ಅಂದಳು, ಬೈಯಬೇಕೆಂದಿದ್ದವಳು ಬೈಯಲಿಲ್ಲ. ಮಗಳ ಕೈಗೆ ಬಂದಾಗ ಎಲೆಯ ಮುದುರು ಒಂದೊಂದಾಗಿ ಬಿಡುತ್ತಿತ್ತು. ನಡುವಿನ ಸಾಲು ತಲುಪುವಷ್ಟರಲ್ಲಿ ಅಲ್ಲಲ್ಲಿ ಹಸಿರು. ಯಾರೂ ಬೇಗ ಕೊಡಲೊಲ್ಲರು, ಯಾರೂ ಬೇಗ ಕೊಡಿ ಅನ್ನಲೊಲ್ಲರು. ಕ್ಷೌರಿಕನಿಂದ ದಾದಿಗೆ, ದಾದಿಯಿಂದ ಗುಂಡಿ ತೋಡಿದವನಿಗೆ, ಅವನ ಉಗುರಿನ ಮಣ್ಣಿನ ಮೇಲಿಂದ ಕೊನೆಯ ಸಾಲಿಗೆ, ಅಲ್ಲಿಂದ ಬಾಗಿಲ ಪಕ್ಕಕ್ಕೆ.

ಅಧಿಕಾರಿ ಒಂದು ಕೈ ಚಾಚಿದರು. ಉಂಡೆ ಒದ್ದೆಯಾಗಿತ್ತು, ಒಂದು ಕೈಗೆ ದೊಡ್ಡದಾಯಿತು. ಅವರು ಪೆನ್ನು ಜೇಬಿಗೆ ಸಿಕ್ಕಿಸಿದರು, ಅರ್ಧ ತುಂಬಿದ ಕಡತವನ್ನು ನೆಲದ ಮೇಲೆ ಇಟ್ಟರು, ಎರಡೂ ಅಂಗೈ ಜೋಡಿಸಿ ಮುಂದೆ ಹಿಡಿದರು.