ಗುಲಾಬಿ ಕೊಕ್ಕೆ

ಕಂಪ್ಯೂಟರ್ ಮತ್ತೆ ಆರಿಹೋಯಿತು. ಚಿಕ್ಕಮ್ಮನ ಬಾಯಿಯ ಚಿತ್ರ ಅರ್ಧ ತೆರೆದುಕೊಂಡಿತ್ತು, ಅಷ್ಟರಲ್ಲೇ ಪರದೆ ಕಪ್ಪು. ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

"ಕೊಕ್ಕೆ ಮುರಿದಿದೆ ಕಣೇ," ಅಂದರು ನನ್ನವರು, ಡಬ್ಬದೊಳಗೆ ಟಾರ್ಚ್ ಬಿಟ್ಟು. "ಶಾಖ ಎಳೆಯೋ ಹೀಟ್‌ಸಿಂಕ್ ಒಂದು ಕಡೆ ಎದ್ದು ನಿಂತಿದೆ. ಪ್ರೊಸೆಸರ್ ಕಾದು ಕೆಂಡ ಆಗ್ತಿದೆ, ಅದಕ್ಕೇ ಆಫ್ ಆಗೋದು."

ಹಲ್ಲಿನ ಸೆಟ್ ಕಟ್ಟುವುದು ನಮ್ಮಿಬ್ಬರ ಕೆಲಸ. ಚಿಕ್ಕಮ್ಮ ಸಣ್ಣ ಮಕ್ಕಳಿಗೆ ಪಾಠ ಹೇಳುವವಳು. ಮೆಟ್ಟಿಲಲ್ಲಿ ಬಿದ್ದು ಮುಂದಿನ ಹಲ್ಲು ಕಳೆದುಕೊಂಡಾಗಿನಿಂದ ನಮ್ಮಲ್ಲೇ ಇದ್ದಾಳೆ. ಕರ್ಚೀಫು ಬಾಯಿಂದ ಇಳಿದಿಲ್ಲ. ಮುತ್ತು ಪೋಣಿಸಿದ ಹಾಗೆ ಹಲ್ಲು ಮಾಡಿಕೊಟ್ಟೆ. ಕನ್ನಡಿ ನೋಡಿದವಳೇ ತೆಗೆದು ನನ್ನ ಕೈಗಿಟ್ಟಳು.

"ಇದ್ಯಾರ ಬಾಯೇ? ಮಕ್ಕಳು ಹೊಸ ಟೀಚರ್ ಬಂದ್ರು ಅಂತಾರೆ. ಬೇಡ, ಕೆಲಸಾನೇ ಬಿಟ್ಬಿಡ್ತೀನಿ."

ಮೈ ಉರಿದುಹೋಯಿತು ನನಗೆ. ಆಮೇಲೆ ನೆನಪಾಯಿತು: ಸೆಟ್ಟಿನ ಹಲ್ಲು ಕೆತ್ತುವ ಯಂತ್ರ ತಂದ ಹೊಸದರಲ್ಲಿ, ಪರೀಕ್ಷೆಗೆಂದು ಅವಳ ಬಾಯನ್ನೇ ಸ್ಕ್ಯಾನ್ ಮಾಡಿದ್ದೆವು. ಅವಳ ಹಳೆಯ ಹಲ್ಲಿನ ಆ ಚಿತ್ರ ಇರುವುದು ಈ ಮುದಿ ಕಂಪ್ಯೂಟರಿನಲ್ಲಿ. ಆ ಕಾಲದ ಸಾಫ್ಟ್‌ವೇರ್ ಬೇರೆಲ್ಲೂ ಓಡುವುದಿಲ್ಲ. ರಜೆ ಮುಗಿದು ನಾಳೆ ಶಾಲೆ ತೆರೆಯುತ್ತದೆ. ಹೋದರೆ ನಾಳೆ ಹೋದಾಳು, ತಪ್ಪಿದರೆ ಇನ್ನು ಹೋಗುವವಳಲ್ಲ. ಅವಳ ಹಟ ನನಗೆ ಗೊತ್ತು, ನನಗೂ ಅದೇ ಬಂದಿರುವುದು.

ಕೊಕ್ಕೆಗಾಗಿ ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದರೆ, "ಅಷ್ಟು ಹಳೇದು ಈಗೆಲ್ಲಿ ಸಿಗುತ್ತೆ ಮೇಡಂ, ಹೊಸ ಕಂಪ್ಯೂಟರ್ ತಗೊಳ್ಳಿ," ಅಂದ. ನನ್ನವರು ದಾರದಿಂದ ಬಿಗಿದು ನೋಡಿದರು, ದಾರ ಸಡಿಲಾಯಿತು.

"ಬಿಚ್ಚಿಕೊಡಿ ಅದನ್ನ," ಅಂದೆ.

ಪ್ರೊಸೆಸರ್ ಕೂರುವ ಸಾಕೆಟ್ಟಿನ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ಬಿಚ್ಚಿ ನನ್ನ ಮೇಜಿಗೆ ತಂದಿಟ್ಟರು. ಮುರಿದ ಕೊಕ್ಕೆಯ ಬುಡಕ್ಕೆ ತೂತು ಕೊರೆದು, ಹಲ್ಲಿನ ಸೆಟ್ಟಿಗೆ ಹಾಕುವ ಉಕ್ಕಿನ ತಂತಿ ಕೂರಿಸಿ, ಮೇಲೆ ವಸಡಿಗೆ ಬಳಸುವ ಗುಲಾಬಿ ಅಕ್ರಿಲಿಕ್ ಕಟ್ಟಿದೆ. ಅದು ಗಟ್ಟಿಯಾಗುವವರೆಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಸುತ್ತಿದೆ. ಆಮೇಲೆ ಉಜ್ಜಿ, ಮಿರಮಿರ ಮಿಂಚುವಂತೆ ಮಾಡಿ ಕೊಟ್ಟೆ.

ನನ್ನವರು ಪ್ರೊಸೆಸರಿಗೆ ಪೇಸ್ಟ್ ಹಚ್ಚಿ, ಹೀಟ್‌ಸಿಂಕ್ ಕೂರಿಸಿ, ಅದರ ಕ್ಲಿಪ್ಪನ್ನು ಕೊಕ್ಕೆಗೆ ಎಳೆದು ಸಿಕ್ಕಿಸಿದರು. ಜಾರಿತು. ಇನ್ನೊಮ್ಮೆ ಎಳೆದರು, ಮತ್ತೆ ಜಾರಿತು.

ಅವರು ಕೊಕ್ಕೆಯ ಮೇಲೆ ಬೆರಳಾಡಿಸಿ ನಕ್ಕರು. "ಇದಕ್ಯಾಕೆ ಪಾಲಿಶ್ ಹಾಕಿದೆ ತಾಯಿ? ಇಲ್ಲಿ ಯಾರ ನಾಲಿಗೆ ತಾಗುತ್ತೆ?"

ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ಹಾಕುವುದು? ಒರಟು ಕಂಡರೆ ನನ್ನ ಕೈ ತಾನಾಗಿ ಓಡುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು. ಇನ್ನೊಂದು ಕೊಕ್ಕೆ ಕಟ್ಟಿದೆ. ಈ ಸಲ ಅರದಿಂದ ಗೀರು ಹಾಕಿ, ಹಲ್ಲು ಕಚ್ಚಿಕೊಂಡು ಒರಟಾಗಿಯೇ ಬಿಟ್ಟೆ. ಕ್ಲಿಪ್ ಕಚ್ಚಿ ಕೂತಿತು. ಫ್ಯಾನ್ ತಿರುಗಿತು. ಪರದೆ ಆರಲಿಲ್ಲ.

ಚಿಕ್ಕಮ್ಮನ ಹಲ್ಲು ಪೂರ್ತಿ ತೆರೆದುಕೊಂಡವು. ನಡುವೆ ಒಂದು ಸಂದು, ಪಕ್ಕದ ಹಲ್ಲಿನ ಮೂಲೆಯಲ್ಲಿ ಚಕ್ಕೆ ಎದ್ದಿತ್ತು. ಮೂಲೆ ತಿದ್ದೋಣವೆಂದು ಮೌಸ್ ಹಿಡಿದೆ. ತೆರೆದ ಡಬ್ಬದೊಳಗೆ ಒರಟು ಗುಲಾಬಿ ಕೊಕ್ಕೆ ಕಾಣುತ್ತಿತ್ತು. ಮೌಸ್ ಬಿಟ್ಟೆ. ಇದ್ದದ್ದನ್ನು ಇದ್ದ ಹಾಗೇ ಯಂತ್ರಕ್ಕೆ ಕಳಿಸಿದೆ.

ಸಂಜೆ ಹೊಸ ಸೆಟ್ ಅವಳ ಬಾಯಿಗಿಟ್ಟೆ. ಕನ್ನಡಿ ಕೊಟ್ಟರೆ ಮುಟ್ಟಲಿಲ್ಲ. ಬಾಯಿ ಮುಚ್ಚಿಕೊಂಡು ಒಳಗೇ ನಾಲಿಗೆ ಆಡಿಸಿದಳು. ಒಂದು ಕಡೆ ನಾಲಿಗೆ ನಿಂತಿತು.

"ಈ ಮೂಲೆ ಮುರಿದಿದ್ದು ನೀನೇ ಕಣೇ," ಅಂದಳು. "ಚಿಕ್ಕವಳಿದ್ದಾಗ ನಿನ್ನನ್ನ ಸೊಂಟದ ಮೇಲೆ ಎತ್ಕೊಂಡಿದ್ದೆ. ನೀನು ತಲೆಯಿಂದ ಗುದ್ದಿಬಿಟ್ಟೆ. ಆಮೇಲೆ ನೀನೇ ಅತ್ತುಬಿಟ್ಟೆ, ನಾನೇ ಸಮಾಧಾನ ಮಾಡಿದೆ."

ನನಗೆ ನೆನಪೇ ಇರಲಿಲ್ಲ. ಕಣ್ಣು ತುಂಬಿ ಬಂತು.

ಅವಳು ಕರ್ಚೀಫು ಮಡಚಿ ನನ್ನ ಕೈಗಿಟ್ಟಳು. "ಒರೆಸ್ಕೋ. ಬೆಳಿಗ್ಗೆ ಬೇಗ ಎಬ್ಬಿಸು, ಮೊದಲನೇ ಪೀರಿಯಡ್ ನಂದೇ."